ಬಂಪರಿನ ಮೇಲಿನ ನೀಲಿ

ತನ್ನ ಭಾವನ ತಳ್ಳುಗಾಡಿಗೆ ನೀಲಿ ಬಳಿದವನು ಪೇಂಟರೇ. ಅಂಗಡಿಯಲ್ಲಿ ಸಿಗುವ ನೀಲಿ ಅಲ್ಲ ಅದು. ಡಬ್ಬಿಗಳ ತಳದಲ್ಲಿ ಉಳಿದದ್ದನ್ನೆಲ್ಲ ಕೆರೆದು, ಒಂದಕ್ಕೊಂದು ಬೆರೆಸಿ, ತಾನೇ ಹುಟ್ಟಿಸಿದ ಬಣ್ಣ. ಅಂಚಿಗೆ ಹಳದಿ ಪಟ್ಟಿ ಬೇರೆ ಎಳೆದಿದ್ದ. "ಇದೇನೋ, ಮದುವೆ ಗಾಡಿ ಮಾಡಿಬಿಟ್ಟೆ. ಇದರ ಮೇಲೆ ಈರುಳ್ಳಿ ಸುರಿಯೋಕೆ ನಾಚಿಕೆ ಆಗುತ್ತೆ" ಎಂದು ಭಾವ ನಕ್ಕಿದ್ದ. ಹಾಗಾಗಿ ಸೇನೆಯ ಷೆಡ್ಡಿನಲ್ಲಿ, ಉಕ್ಕಿನ ಕವಚ ತೊಟ್ಟ ವಾಹನವೊಂದರ ಬಂಪರಿನ ಮೇಲೆ ಮೊಳದುದ್ದದ ನೀಲಿ ಗೀರು, ಪಕ್ಕದಲ್ಲೇ ಹಳದಿ ಎಳೆ ಕಂಡಾಗ ಪೇಂಟರನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಭಾವ ಸತ್ತದ್ದು ಮಾರ್ಕೆಟ್ ಬೀದಿಯಲ್ಲಿ, ಹಾಡಹಗಲೇ. ಸೇನೆಯವರು ಹಿಡಿದುಕೊಂಡು ಹೋದ ತಮ್ಮ ಮಕ್ಕಳನ್ನು ಬಿಡಿ ಎಂದು ಕೇಳುತ್ತ ಒಂದಷ್ಟು ಜನ ಬೀದಿಗಿಳಿದಿದ್ದರು. ಅವರನ್ನು ಚದುರಿಸಲು ಈ ವಾಹನಗಳು ನುಗ್ಗಿದವು. ಭಾವ ಯಾರ ತಂಟೆಗೂ ಹೋದವನಲ್ಲ, ಗಾಡಿ ಹಿಂದಕ್ಕೆ ತಿರುಗಿಸುತ್ತಿದ್ದ, ಅಷ್ಟೇ. ಬೀದಿಗೆ ಬೀದಿಯೇ ಕಣ್ಣಾರೆ ಕಂಡಿತ್ತು. ಆದರೂ ಯಾವುದೋ ಲಾರಿ ಗುದ್ದಿ ಓಡಿಹೋಯಿತೆಂದು ಸರ್ಕಾರ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳಿತು.

ಸುಳ್ಳಿಗೂ ಒಂದು ಕಾರಣವಿತ್ತು. ವಾಹನಗಳು ಸಮುದ್ರದಾಚೆಯ ದೊಡ್ಡ ದೇಶವೊಂದರ ದಾನ. ಅವುಗಳ ಬಾಗಿಲ ಮೇಲೆ ಒಂದನ್ನೊಂದು ಕುಲುಕುವ ಎರಡು ಕೈಗಳ ಚಿತ್ರ. ಗಡಿ ಕಾಯಲು ಮಾತ್ರ ಬಳಸಬೇಕು, ಸ್ವಂತ ಜನರ ಮೇಲೆ ಹತ್ತಿಸಕೂಡದು ಎಂಬ ಷರತ್ತು ಬೇರೆ. ಷರತ್ತು ಮುರಿದರೆ ದಾನ ನಿಲ್ಲುತ್ತದಂತೆ. ಅದನ್ನು ನೋಡಲು ಪ್ರತಿ ವರ್ಷ ಅಲ್ಲಿಂದ ಒಬ್ಬ ತಪಾಸಣೆಯವನು ಬರುತ್ತಾನೆ. ಅವನು ಬರುವ ಹೊತ್ತು ಹತ್ತಿರವಾದ ಕಾರಣಕ್ಕೇ ಊರಿನ ಗ್ಯಾರೇಜುಗಳಿಂದ ಪೇಂಟರುಗಳನ್ನು ಎಳೆದು ತಂದದ್ದು.

"ಕಾರ್ಖಾನೆಯಿಂದ ಈಗ ಇಳಿದ ಹಾಗೆ ಕಾಣಬೇಕು" ಎಂದ ಮೇಜರ್. "ಚೆನ್ನಾಗಿ ಉಜ್ಜಿ ತೆಗಿ, ಆಮೇಲೆ ಹಸಿರು ಹೊಡಿ. ಏನು ಕಂಡೆ ಅಂತ ಹೊರಗೆ ಬಾಯಿ ಬಿಟ್ಟರೆ ಗೊತ್ತಲ್ಲ."

ಗೊತ್ತಿಲ್ಲದೆ ಏನು? ಪೇಂಟರ್ ತಲೆಯಾಡಿಸಿದ.

ಅವನು ಉಜ್ಜಲಿಲ್ಲ. ಎಣ್ಣೆ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂಬುದು ಈ ಕೆಲಸದಲ್ಲಿ ಮೊದಲ ದಿನವೇ ಬೈಸಿಕೊಂಡು ಕಲಿಯುವ ಪಾಠ. ಕಲಿತದ್ದನ್ನೆಲ್ಲ ತಿರುಗಾಮುರುಗಾ ಮಾಡಿದ. ನೀಲಿಯ ಮೇಲೆ ತೆಳುವಾಗಿ ಗ್ರೀಸ್ ಸವರಿದ. ಸ್ಪ್ರೇ ಗನ್ ಹಿಡಿದರೆ ಬಣ್ಣ ಅಲ್ಲಲ್ಲಿ ಗುಳಿ ಬಿದ್ದು ಗುಟ್ಟು ರಟ್ಟಾಗುತ್ತದೆಂದು ಬ್ರಷ್ಷಿನಲ್ಲೇ ದಪ್ಪಗೆ ಹಸಿರು ಎಳೆದ. ದೂರಕ್ಕೆ ಹೊಚ್ಚ ಹೊಸದು. ಉಗುರು ತಾಗಿದರೆ ಕೆನೆಯಂತೆ ಎದ್ದು ಬರಬೇಕು.

ಮನೆಗೆ ಬಂದಾಗ ಅಕ್ಕನ ಕಣ್ಣು ಮೊದಲು ಬಿದ್ದದ್ದು ಅವನ ಉಗುರಿನ ಮೇಲೆ. ಗಂಡ ಹೋದಮೇಲೆ ಅವಳು ತಮ್ಮನ ಮನೆಯಲ್ಲೇ ಇದ್ದಳು. ಆ ವಾಹನ ನಮ್ಮದೇ ಎಂದು ಸರ್ಕಾರದವರು ಯಾರಾದರೂ ಒಬ್ಬ ಒಪ್ಪಿಕೊಳ್ಳಲಿ, ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಹತ್ತದ ಮೆಟ್ಟಿಲಿರಲಿಲ್ಲ.

"ಆ ಮಿಲಿಟರಿ ಹಸಿರು ಎಲ್ಲೀದು?"

ಪೇಂಟರ್ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ನಿಮ್ಮ ಭಾವನ ಮೇಲೆ ಬಣ್ಣ ಹೊಡಿಯೋಕೆ ನೀನೇ ಬೇಕಾಗಿತ್ತೇನೋ? ಊರಲ್ಲಿ ಬೇರೆ ಪೇಂಟರ್ ಯಾರೂ ಸಿಗಲಿಲ್ವಾ?"

ಗುಟ್ಟು ನಾಲಿಗೆಯ ತುದಿಯವರೆಗೆ ಬಂದಿತ್ತು. ಗೋಡೆಗೂ ಕಿವಿಯಿದ್ದ ಕಾಲ. ಅದನ್ನು ನುಂಗಿಕೊಂಡು ಕೈ ತೊಳೆದು ಕೂತ. ಅಕ್ಕ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು.

ತಪಾಸಣೆಯವನು ಬಂದ ದಿನ, ಎಲ್ಲಾದರೂ ಬ್ರಷ್ ಆಡಿಸಬೇಕಾದೀತೆಂದು ಪೇಂಟರುಗಳನ್ನೂ ಷೆಡ್ಡಿನಲ್ಲೇ ನಿಲ್ಲಿಸಿಕೊಂಡಿದ್ದರು. ಬಂದವನು ಬರೀ ಕುರ್ಚಿ ಬಿಸಿ ಮಾಡುವ ಆಸಾಮಿ ಅಲ್ಲ. ನಡೆಯುತ್ತಲೇ ಎಲ್ಲವನ್ನೂ ಮುಟ್ಟುತ್ತಿದ್ದ, ಮೂಸುತ್ತಿದ್ದ. ಇಲ್ಲಿಯ ಭಾಷೆಯನ್ನೂ ಕಲಿತು ಬಂದಿದ್ದ. ಪೇಂಟರನ ಎದೆಯೊಳಗೆ ಆಸೆ ಚಿಗುರಿತು.

ಬಂಪರಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತ. ಹೆಬ್ಬೆರಳು ಒತ್ತಿ ತಳ್ಳಿದ. ಹಸಿರು ಸುಕ್ಕುಗಟ್ಟಿ ಸರಿದು ಜೋತುಬಿತ್ತು. ಕೆಳಗೆ ನೀಲಿ. ಇನ್ನೂ ತಳ್ಳಿದ. ಹಳದಿ. ಮೇಜರನ ಮುಖ ಕಪ್ಪಿಟ್ಟಿತು.

ಇಷ್ಟೇ ಸಾಕೆಂದುಕೊಂಡಿದ್ದ ಪೇಂಟರ್. ಆದರೆ ಕಾಲು ತಾನಾಗಿ ಮುಂದೆ ಬಂತು.

"ಅದು ನಮ್ಮ ಭಾವನ ತಳ್ಳುಗಾಡಿ ಬಣ್ಣ ಸಾರ್. ನಾನೇ ಬಳಿದದ್ದು. ಮಾರ್ಕೆಟ್ ಬೀದೀಲಿ ಈ ವಾಹನ ಅವರ ಮೇಲೆ ಹತ್ತಿಹೋಯ್ತು."

ತಪಾಸಣೆಯವನು ತಲೆಯೆತ್ತಿ ಅವನನ್ನು ನೋಡಿದ. ಅರ್ಥವಾಗದ ನೋಟವಲ್ಲ ಅದು. ಪೂರ್ತಿ ಅರ್ಥವಾದವನ ನೋಟ. ಹೆಬ್ಬೆರಳನ್ನು ಮೂಗಿನ ಬಳಿ ಹಿಡಿದು ಮೂಸಿದ. ಆಮೇಲೆ ಕರವಸ್ತ್ರ ತೆಗೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡ.

"ಗ್ರೀಸ್" ಎಂದ, ಶಾಲೆಯ ಮೇಷ್ಟರ ಹಾಗೆ ನಿಧಾನವಾಗಿ. "ಒರೆಸದೆ ಬಣ್ಣ ಹಾಕಿದ್ದೀರಿ. ಇಲ್ಲಿಯ ಬಣ್ಣವೂ ಚೆನ್ನಾಗಿಲ್ಲ." ಮೇಜರನ ಕಡೆ ತಿರುಗಿದ. "ನಮ್ಮಲ್ಲಿ ಒಳ್ಳೆಯದು ಸಿಗುತ್ತೆ. ಕಳಿಸಿಕೊಡ್ತೇವೆ."

ಮೇಜರ್ ಮೊದಲು ನಂಬಲಿಲ್ಲ. ಆಮೇಲೆ ಹಲ್ಲು ಬಿಟ್ಟ. ಬಾಗಿಲ ಮೇಲಿನ ಚಿತ್ರದ ಹಾಗೇ ಇಬ್ಬರೂ ಕೈ ಕುಲುಕಿದರು. ಥೂ, ಇವರ ಷರತ್ತಿಗಿಷ್ಟು ಬೆಂಕಿ ಹಾಕ.

ಅತಿಥಿಯ ಕಾರು ಗೇಟು ದಾಟುವವರೆಗೆ ಯಾರೂ ಪೇಂಟರನನ್ನು ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ದಾಟಿದ ಮೇಲೆ ಅವನ ಬಲಗೈಯನ್ನು ಅದೇ ಬಂಪರಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದರು. ನೀಲಿಯನ್ನು ಬೇರೊಬ್ಬ ಪೇಂಟರನಿಂದ ಉಜ್ಜಿಸಿದರು. ಇವನನ್ನು ಮನೆಗೆ ಬಿಟ್ಟದ್ದು ಕರುಣೆಯಿಂದಲ್ಲ, ಉಳಿದವರು ಆ ಕೈ ನೋಡಲಿ ಎಂದು.

ಅಕ್ಕ ಬಾಗಿಲು ತೆಗೆದವಳು ಬ್ಯಾಂಡೇಜ್ ನೋಡಿ ಅವನನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ಅವನು ಗ್ರೀಸಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. ತಟ್ಟೆ ತಂದು ಎದುರು ಕೂತು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತುತ್ತು ಮಾಡಿ ಅವನ ಬಾಯಿಗೆ ಇಟ್ಟಳು.

"ನೀಲಿ ಕಂಡನಾ ಅವನು?"

"ಕಂಡ. ಅವನೇ ಕೆರೆದ."

"ನೀನು ಹೇಳಿದ್ದು ತಿಳೀತಾ?"

"ತಿಳೀತು."

"ಏನಂದ?"

"ಬಣ್ಣ ಚೆನ್ನಾಗಿಲ್ಲ ಅಂದ. ಒಳ್ಳೇದು ಕಳಿಸ್ತಾನಂತೆ."

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು.

"ಅಂದ್ರೆ ಬಣ್ಣ ಮತ್ತೆ ಬೇಕಾಗುತ್ತೆ ಅಂತ ಅವನಿಗೂ ಗೊತ್ತು" ಎಂದಳು. ಮುಂದಿನ ತುತ್ತು ಕಲಸಿದಳು.