ಯಾವೊ ಎಂದು ಕರೆಯುವವರು

ರಾಜಧಾನಿ ಅಕ್ರಾದ ಫುಟ್‌ಬಾಲ್ ಮೈದಾನದಲ್ಲಿ ನಲವತ್ತು ಸಾವಿರ ಜನ 'ಕೊಮ್ಲಾ, ಕೊಮ್ಲಾ' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ತಮಾಷೆಯೆಂದರೆ, ಆ ಹೆಸರಿನವನು ಮೈದಾನದಲ್ಲಿ ಇರಲೇ ಇಲ್ಲ. ಒಂಬತ್ತನೇ ನಂಬರಿನ ಅಂಗಿ ತೊಟ್ಟು ದೇಶಕ್ಕಾಗಿ ಕೊನೆಯ ಪಂದ್ಯ ಆಡುತ್ತಿದ್ದವನು ಯಾವೊ.

ನಮ್ಮ ಎವೆ ಜನರಲ್ಲಿ ಮಗು ಹುಟ್ಟಿದ ವಾರವೇ ಅದರ ಹೆಸರು. ಗುರುವಾರ ಹುಟ್ಟಿದ ಗಂಡು ಯಾವೊ, ಮಂಗಳವಾರದವನು ಕೊಮ್ಲಾ. ತೊಟ್ಟಿಲಲ್ಲಿ ಅಂಟಿದ್ದು ಸಾಯುವ ತನಕ ಬಿಡುವುದಿಲ್ಲ. ಆದರೆ ಫುಟ್‌ಬಾಲಿನವರಿಗೆ ಇದೆಲ್ಲ ಯಾಕೆ ಬೇಕು? ಯಾವೊನಿಗೆ ಇಪ್ಪತ್ತು ತುಂಬಿದ್ದಾಗ ಆಟಗಾರರನ್ನು ಹುಡುಕುತ್ತ ಬಂದ ಏಜೆಂಟನೊಬ್ಬ, ಕಾಲೇನೋ ಚಿನ್ನದಂಥದ್ದು, ವಯಸ್ಸು ಮೀರಿಹೋಯಿತು, ಹದಿನೇಳರವನಾಗಿದ್ದರೆ ಈಗಲೇ ಬೆಲ್ಜಿಯಂಗೆ ಕರೆದೊಯ್ಯುತ್ತಿದ್ದೆ ಎಂದ. ಮನೆಯ ಟ್ರಂಕಿನಲ್ಲಿ ಮೂರು ವರ್ಷ ಕಿರಿಯ ತಮ್ಮ ಕೊಮ್ಲಾನ ಜನನಪತ್ರ ಇತ್ತು. ಕೊಮ್ಲಾ ಆರನೇ ವಯಸ್ಸಿಗೇ ಜ್ವರ ಬಂದು ತೀರಿಕೊಂಡಿದ್ದ. ಪತ್ರವನ್ನು ಅವ್ವನೇ ತೆಗೆದುಕೊಟ್ಟಳು.

ಅಂದಿನಿಂದ ಹದಿನಾರು ವರ್ಷ. ಬೆಲ್ಜಿಯಂ, ತುರ್ಕಿ, ಮತ್ತೆ ಬೆಲ್ಜಿಯಂ. ಹೊಡೆದ ಗೋಲೆಲ್ಲ ತಮ್ಮನ ಹೆಸರಿಗೆ. ತನ್ನದಲ್ಲದ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ, ಹಲ್ಲು ಕಿರಿದು, ಮನೆಗೆ ಬಂದು ಒಬ್ಬನೇ ಒಲೆಯ ಮುಂದೆ ನಿಂತು ಜೋಳದ ಮುದ್ದೆ ತಿರುವುತ್ತಿದ್ದ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬಾಯಿ ಜಾರಿದರೆ ಆಟವೇ ಮುಗಿಯಿತು. ಎರಡು ಸಲ ಮದುವೆಯ ಮಾತು ಬಂದು ಹೋಯಿತು. ಭಾನುವಾರ ಅವ್ವ ಫೋನಿನಲ್ಲಿ 'ಯಾವೊ, ಉಂಡೆಯೇನೋ' ಎನ್ನುತ್ತಿದ್ದಳಲ್ಲ, ಆ ಒಂದು ಗಳಿಗೆ ಅವನು ಅವನಾಗಿರುತ್ತಿದ್ದ.

ಆಟ ಬಿಡುವ ದಿನ ಮೈಕಿನ ಮುಂದೆ ನಿಜ ಹೇಳಿಬಿಡಬೇಕು, ಪದಕ ಕಸಿದುಕೊಂಡರೆ ಕಸಿದುಕೊಳ್ಳಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಪಂದ್ಯಕ್ಕೆ ಎರಡು ದಿನ ಮುಂಚೆ, ಕಡಲು ವರ್ಷವರ್ಷ ಕೊರೆದು ನುಂಗುತ್ತಿದ್ದ ತನ್ನೂರು ಕೇಟಾಗೆ ಹೋಗಿ ಅವ್ವನಿಗೆ ತಿಳಿಸಿದ. ಅವಳು ಹೊಗೆಯೊಲೆಯ ಮೇಲೆ ಮೀನು ಮಗುಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೊಮ್ಲಾನ ಗೋರೀನೂ ಸಮುದ್ರ ತಿಂದ್ಕೊಂಡು ಹೋಯ್ತು ಕಣೋ. ರೇಡಿಯೋದಲ್ಲಿ ಅವನ ಹೆಸರು ಕೂಗ್ತಾರಲ್ಲ, ಈಗ ಅವನು ಉಳಿದಿರೋದು ಅದರಲ್ಲಷ್ಟೇ. ಅದನ್ನೂ ಕಿತ್ಕೋತೀಯಾ?"

"ಹಂಗಾದ್ರೆ ನಾನೆಲ್ಲಿದೀನಿ ಅವ್ವಾ?"

"ನಿನಗೇನೋ, ನೀನು ಬದುಕಿದೀಯ. ನಿನ್ನ ಕರೆಯೋಕೆ ನಾನಿದೀನಲ್ಲ."

ಆ ಕೊನೆಯ ಮಾತನ್ನು ಗಂಟುಕಟ್ಟಿಕೊಂಡು ಅವನು ಅಕ್ರಾಗೆ ಮರಳಿದ್ದ.

ಎಪ್ಪತ್ತೆಂಟನೇ ನಿಮಿಷದಲ್ಲಿ, ಕಾರ್ನರಿನಿಂದ ತೇಲಿಬಂದ ಚೆಂಡಿಗೆ ಅವನು ತಲೆ ಕೊಟ್ಟ. ಬಲೆ ಅಲುಗಿತು. ಆ ಒಂದೇ ಗೋಲಿನಿಂದ ಗೆದ್ದರು, ಹೆಗಲ ಮೇಲೆ ಹೊತ್ತು ಮೆರೆಸಿದರು. ಆಮೇಲೆ ಮೈಕು ಹಿಡಿದು, ಈ ಜನಕ್ಕೆ ಏನು ಹೇಳುತ್ತೀರಿ ಎಂದು ಕೇಳಿದರು. ತನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಕೊಮ್ಲಾನ ಮರೀಬೇಡಿ," ಎಂದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರು. ಅವನು ಮೂಲೆಯಲ್ಲಿ ಕೂತು, ಬೂಟನ್ನೂ ಬಿಚ್ಚದೆ ಊರಿಗೆ ಫೋನು ಹಚ್ಚಿದ. ಒಂದು ಸಲ ಯಾವೊ ಎಂದು ಕರೆಸಿಕೊಂಡರೆ ಸಾಕಿತ್ತು, ಮಿಕ್ಕಿದ್ದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ.

ಅವ್ವ ಅಳುತ್ತಿದ್ದಳು. ಅವಳ ಹಿಂದೆ ರೇಡಿಯೋ ಇನ್ನೂ ಅರಚುತ್ತಿತ್ತು.

"ಕೇಳಿಸ್ಕೊಂಡೆ ಮಗಾ. ನನ್ನ ಕೊಮ್ಲಾ, ಎಷ್ಟು ದೊಡ್ಡವನಾಗ್ಬಿಟ್ಟೆಯೋ."

ಅವನು ಫೋನನ್ನು ಕಿವಿಗೊತ್ತಿಕೊಂಡ. ಇನ್ನೊಂದು ಹೆಸರು ಬರಲಿಲ್ಲ.

"ಹೂಂ ಅವ್ವಾ," ಎಂದ. "ಕೊಮ್ಲಾನೇ."