ಬುರುಜಿನ ಮೇಲಿನ ಗೂಡು

ಬೈಂಡರಮ್ಮ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮನೆಯ ಮುಂದಿನ ಕೋಣೆಗೆ ನಡುವೆ ಹಲಗೆಯ ಅಡ್ಡಗೋಡೆ ಹಾಕಿಸಿದ್ದರು. ಈಚೆ ಅವರ ಅಂಟಿನ ಬಟ್ಟಲು, ಸೂಜಿ, ದಾರ; ಆಚೆ ಗಂಡನ ಗಡಿಯಾರ ರಿಪೇರಿಯ ಮೇಜು. ಗಂಡನನ್ನು ಬೀದಿಯವರೆಲ್ಲ ಗಡಿಯಾರದಜ್ಜ ಎನ್ನುತ್ತಿದ್ದರು. ದಿನವಿಡೀ ಮುಖ ನೋಡದೆ, ಹಲಗೆಯ ಮೂಲಕವೇ ಮಾತಾಡಿಕೊಂಡು ಇಬ್ಬರೂ ಸುಖವಾಗಿ ಸಂಸಾರ ಮಾಡಿದ್ದರು.

ಅಜ್ಜನ ಬಳಿ ಇದ್ದದ್ದು ಒಂದೇ ಕತೆ. ಹುಡುಗನಾಗಿದ್ದಾಗ ವಾಚನಾಲಯದಲ್ಲಿ ಓದಿದ್ದಂತೆ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ. ದಳಪತಿ ಬುರುಜು ಹತ್ತಿ ಸುತ್ತಲೂ ನೋಡುತ್ತಾನೆ. ಆಮೇಲೆ ಯುದ್ಧವನ್ನೇ ಮರೆತು, ಅಲ್ಲಿದ್ದ ಗೂಡಿನ ಅಂಚಿನಲ್ಲಿ ಕುಳಿತು ಮರಿಗಳಿಗೆ ಹುಳು ತಿನ್ನಿಸುತ್ತಾನೆ. ಬಿಸಿಲೇರಿದಾಗ ರೆಕ್ಕೆ ಬಿಚ್ಚಿ ನೆರಳು ಮಾಡುತ್ತಾನೆ. ದಳಪತಿಗೆ ರೆಕ್ಕೆ ಎಲ್ಲಿಂದ ಬಂತೆಂದು ಮಗಳು ಚಿಕ್ಕಂದಿನಲ್ಲಿ ಕೇಳಿದರೆ, "ಅಷ್ಟು ದೊಡ್ಡ ಅಧಿಕಾರಿಗೆ ಸರ್ಕಾರ ಒಂದು ಜೊತೆ ರೆಕ್ಕೆ ಕೊಡಲ್ವಾ?" ಎನ್ನುತ್ತಿದ್ದರು.

ವಯಸ್ಸಾದ ಮೇಲೆ ಒಮ್ಮೆ ಅಜ್ಜ ಇಬ್ಬರು ಗಿರಾಕಿಗಳ ಕೈಗಡಿಯಾರಗಳನ್ನು ಅದಲುಬದಲಾಗಿ ಕೊಟ್ಟುಬಿಟ್ಟರು. ಪಕ್ಕದ ಬೀದಿಯಲ್ಲೇ ಇದ್ದ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅಂದಿನಿಂದ ಆಕೆ ತಂದೆಯ ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳತೊಡಗಿದಳು. ಒಂದು ಸಂಜೆ ಅಜ್ಜ ಅವಳ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಕತೆ ಹೇಳುತ್ತಿದ್ದರು.

"ದಳಪತಿ ಬುರುಜು ಹತ್ತಿ, ಸುತ್ತಲೂ ನೋಡಿ, ಗೂಡಿನ ಅಂಚಲ್ಲಿ ಕೂತ್ಕೊಂಡಿತು…"

"ಅಪ್ಪಾ, ಏನಂದ್ರಿ? ಕೂತ್ಕೊಂಡಿತಾ? ದಳಪತಿ ಏನು ಹಸುವಾ?"

"ಪುಸ್ತಕದಲ್ಲಿ ಹಾಗೇ ಇತ್ತು ಕಣೇ."

"ಯಾವ ಪುಸ್ತಕದಲ್ಲಪ್ಪಾ ಹಾಗೆ ಬರೀತಾರೆ?"

ಅಡುಗೆಮನೆಯಲ್ಲಿ ಮಗಳು ದನಿ ತಗ್ಗಿಸಿದಳು. "ಅಮ್ಮಾ, ಮೊದಲು ಮಾತಿನ ಕೊನೆ ತಪ್ಪುತ್ತೆ, ಆಮೇಲೆ ಮಾತೇ ತಪ್ಪುತ್ತೆ. ವಾರ್ಡಲ್ಲಿ ದಿನಾ ನೋಡ್ತೀನಿ. ಅಪ್ಪ ಮೊದಲಿಂದಲೂ ಹೀಗೇ ಹೇಳ್ತಿದ್ರಾ?"

ಬೈಂಡರಮ್ಮನಿಗೆ ನೆನಪಾಗಲಿಲ್ಲ. ಆ ಕತೆಯನ್ನು ಅವರು ಕೇಳುತ್ತಲೇ ಬಂದಿದ್ದರು; ಕೇಳಿಸಿಕೊಳ್ಳುವುದನ್ನು ಮಾತ್ರ ಎಂದೋ ಬಿಟ್ಟಿದ್ದರು.

ಆ ಪಿಸುಮಾತು ಅಜ್ಜನ ಕಿವಿಗೂ ಬಿತ್ತು. ಮರುದಿನ ಅವರು ಮೇಜಿಗೆ ಬಟ್ಟೆ ಹೊದಿಸಿದರು. "ಬೇರೆಯವರ ಗಡಿಯಾರ ಮುಟ್ಟೋಕೆ ಭಯ ಆಗುತ್ತೆ" ಎಂದದ್ದೇ ಆ ದಿನಗಳಲ್ಲಿ ಅವರು ಪೂರ್ತಿಯಾಗಿ ಆಡಿದ ಕೊನೆಯ ಮಾತು. ಮುಂದೆ ಬಾಯಿ ತೆರೆದರೂ, ಎಲ್ಲಿ ಕೊನೆ ತಪ್ಪೀತೋ ಎಂದು ಕ್ರಿಯಾಪದದ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. "ಹಾಲಿನವನು ಬಾಗಿಲಲ್ಲಿ…" ಎಂದರೆ, "ಬಂದಿದ್ದಾನೆ" ಎಂದು ಹೆಂಡತಿ ಮುಗಿಸಬೇಕಿತ್ತು. ಹಲಗೆಯಾಚೆಯ ಆ ಮೌನದಲ್ಲಿ ಬೈಂಡರಮ್ಮನಿಗೆ ಸೂಜಿ ಓಡದಾಯಿತು.

ಹೀಗಿರುವಾಗ ವಾಚನಾಲಯ ಬೇರೆ ಕಟ್ಟಡಕ್ಕೆ ಹೋಯಿತು. ಬೆನ್ನು ಕಿತ್ತುಹೋದ ಪುಸ್ತಕಗಳ ಮೂಟೆ ಬೈಂಡರಮ್ಮನ ಬಳಿ ಬಂತು. ಅದರಲ್ಲಿ ಒಂದೇ ಅಳತೆಯ, ಒಂದೇ ಮುದ್ರಣಾಲಯದ ಮೂರು: ಸಮುದ್ರಯಾನದ ಸಾಹಸ, ಹಕ್ಕಿಗಳ ಜೀವನ, ಒಂದು ಯುದ್ಧದ ಕತೆ. ಪುಸ್ತಕ ಕಟ್ಟುವವರು ಪುಸ್ತಕ ಓದುವುದಿಲ್ಲ. ದೊಡ್ಡ ಹಾಳೆಯನ್ನು ಹದಿನಾರು ಪುಟವಾಗಿ ಮಡಿಸಿದ್ದು ಒಂದು ಫಾರಂ. ಅದರ ಮೊದಲ ಪುಟದ ಬುಡದಲ್ಲಿ ಚಿಕ್ಕದೊಂದು ಅಂಕಿ. ನಾಲ್ಕರ ಮೇಲೆ ಐದು, ಐದರ ಮೇಲೆ ಆರು ಬಂದರೆ ಹೊಲಿಗೆಗೆ ಸಾಕು. ಯುದ್ಧದ ಪುಸ್ತಕದಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಐದನೆಯ ಫಾರಮಿನ ಕಾಗದ ಉಳಿದವಕ್ಕಿಂತ ಕೊಂಚ ಹಳದಿ. ಅನುಮಾನ ಬಂದು ಬೈಂಡರಮ್ಮ ಅಪರೂಪಕ್ಕೆ ಓದಿದರು.

ನಾಲ್ಕನೆಯ ಫಾರಮಿನ ಕೊನೆಯ ಸಾಲು: "ದಳಪತಿಯು ಬುರುಜನ್ನೇರಿ, ಸುತ್ತಲೂ ದೃಷ್ಟಿ ಹಾಯಿಸಿ,". ಐದನೆಯದರ ಮೊದಲ ಸಾಲು: "ಗೂಡಿನ ಅಂಚಿನಲ್ಲಿ ಕುಳಿತುಕೊಂಡಿತು."

ಕೈಯ ಅಂಟನ್ನೂ ಒರೆಸಿಕೊಳ್ಳದೆ ಅವರು ಹಲಗೆಯಾಚೆ ಹೋದರು.

"ರೀ, ಇದನ್ನ ಓದಿ. ಜೋರಾಗಿ."

"ನನ್ನ ಕೈಲಿ…"

"ಆಗುತ್ತೆ. ಓದಿ."

ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರದ ಹೊಟ್ಟೆ ನೋಡುವಂತೆ ಬಗ್ಗಿ ಓದಿದರು. ಪುಟದ ಕೊನೆಗೆ ಬಂದರು, ಮುಂದಿನ ಪುಟಕ್ಕೆ ಹೋದರು, ನಿಂತರು. ಮತ್ತೆ ಮೊದಲಿನಿಂದ ಓದಿದರು.

"ಕುಳಿತುಕೊಂಡಿತು," ಎಂದರು. "ಇದೆ ಕಣೇ. ಹಾಗೇ ಇದೆ."

ಡ್ಯೂಟಿ ಮುಗಿಸಿ ಬಂದ ಮಗಳಿಗೂ ಅದನ್ನು ಓದಿ ತೋರಿಸಿದರು. ಈ ಜಾಗದಲ್ಲಿ ತಾಯಿ ಮಗಳ ಹೇಳಿಕೆ ಕೂಡುವುದಿಲ್ಲ. ಅಪ್ಪ ಅತ್ತರು ಎಂದು ಮಗಳು ಹೇಳುತ್ತಾಳೆ. ಭೂತಗನ್ನಡಿ ಒತ್ತಿ ಕಣ್ಣಲ್ಲಿ ನೀರು ಬಂತಷ್ಟೇ ಎನ್ನುತ್ತಾರೆ ತಾಯಿ. ಮುಂದಿನದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

"ತಪ್ಪಾಯ್ತಪ್ಪಾ," ಎಂದಳು ಮಗಳು.

"ನಿಂದೇನು ತಪ್ಪು? ಗಡಿಯಾರ ಅದಲುಬದಲು ಮಾಡಿದ್ದು ನಾನೇ. ಅದು ಮರೆವು. ಇದು ಮರೆವಲ್ಲ. ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಬೇಡ, ಅಷ್ಟೇ."

ಅಷ್ಟರಲ್ಲಿ ಬೈಂಡರಮ್ಮ ಹಕ್ಕಿಗಳ ಪುಸ್ತಕ ಬಿಚ್ಚಿದ್ದರು. ಅಲ್ಲಿ, "ಹೆಣ್ಣು ಹಕ್ಕಿಯು ಹಾರಿ ಬಂದು," ಎಂದು ನಾಲ್ಕನೆಯ ಫಾರಂ ಮುಗಿದರೆ, "ಖಡ್ಗವನ್ನು ಒರೆಯಿಂದ ಹಿರಿದನು" ಎಂದು ಐದನೆಯದು ಶುರುವಾಗಿತ್ತು. ಮೂವರೂ ನಕ್ಕ ನಗುವಿಗೆ ಮಲಗಿದ್ದ ಕೂಸು ಎದ್ದುಬಿಟ್ಟಿತು. ಸಮುದ್ರಯಾನದ ಹಡಗೊಂದೇ ದಾರಿ ತಪ್ಪದೆ ತನ್ನ ನೀರಿನಲ್ಲೇ ಇತ್ತು.

ಹುಡುಗನಾಗಿದ್ದಾಗ ಕೈತಪ್ಪಿದ, ಹಕ್ಕಿಗಳ ನಡುವೆ ಸೇರಿಹೋಗಿದ್ದ ಯುದ್ಧದ ಆ ಹದಿನಾರು ಪುಟಗಳನ್ನು ಅಜ್ಜ ಅಲ್ಲೇ ನಿಂತು ಓದಿ ಮುಗಿಸಿದರು.

"ಹೇಗಿದೆ?" ಎಂದರು ಹೆಂಡತಿ.

"ಬರೀ ಕಡಿದಾಟ. ನಮ್ಮ ದಳಪತಿನೇ ವಾಸಿ."

"ಹಾಗಾದರೆ ಇದ್ದ ಹಾಗೇ ಹೊಲಿಯಲಾ?"

ಅಜ್ಜ ಭೂತಗನ್ನಡಿ ತೆಗೆದಿಟ್ಟರು. "ಬೇಡ. ಅವರವರ ಜಾಗಕ್ಕೆ ಸೇರಿಸು. ಪಾಪ, ಆ ಮರಿಗಳು ಎಷ್ಟು ವರ್ಷದಿಂದ ಅಮ್ಮನ ದಾರಿ ಕಾಯ್ತಿವೆಯೋ. ನಮ್ಮ ಕತೆ ಹೇಗೂ ನನ್ನ ಹತ್ತಿರ ಇದೆ."

ಬೆಳಿಗ್ಗೆ ಅಜ್ಜ ಮೇಜಿನ ಬಟ್ಟೆ ತೆಗೆದರು. ಹಲಗೆಯಾಚೆಯಿಂದ ಅವರ ದನಿ ಪೂರ್ತಿಯಾಗಿ ಕೇಳಿಬಂತು: "ರಿಪೇರಿ ನಾನು ಮಾಡ್ತೀನಿ. ಯಾರದನ್ನ ಯಾರಿಗೆ ಕೊಡಬೇಕು ಅನ್ನೋದನ್ನ ನೀನು ನೋಡ್ಕೋ. ನಾನು ಎಲ್ಲಿ ಮರೀತೀನೋ ಅಲ್ಲಿ ಹೇಳು, ಬೇಜಾರಿಲ್ಲ."

"ಹೇಳ್ತೀನಿ. ಈಗಲೇ ಹೇಳಲಾ? ಆಗಲೇ ನೋಡ್ದೆ, ಅಂಗಿ ತಿರುಗಾಮುರುಗಾ ಹಾಕ್ಕೊಂಡಿದ್ದೀರಿ."

ಆಚೆ ಗುಂಡಿ ಬಿಚ್ಚುವ ಗಡಿಬಿಡಿ, ಅದರ ಹಿಂದೆಯೇ ಅಜ್ಜನ ನಗು.