ತೊಳೆಯದ ಅಂಗಿ

ನಾನು ಜೇನು ಸಾಕುವವಳು. ನನ್ನ ಕೆಲಸದ ಅಂಗಿಯನ್ನು ಹನ್ನೆರಡು ವರ್ಷ ನೀರಿಗೆ ಮುಟ್ಟಿಸಿರಲಿಲ್ಲ. ಹುಳಗಳಿಗೆ ನನ್ನ ವಾಸನೆ ಗುರುತಿರಬೇಕು ಎಂಬುದು ನನ್ನ ವಾದ. "ಹುಳ ಬಿಡು, ಇಡೀ ಬೀದಿಗೇ ಗುರುತಿದೆ" ಎಂದು ಯಜಮಾನರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರ ಕಾಟ ತಾಳಲಾರದೆ ಅದನ್ನು ಮಗಳ ಕೋಣೆಯ ಬಾಗಿಲ ಹಿಂದೆ ನೇತುಹಾಕುತ್ತಿದ್ದೆ.

ಮಗಳನ್ನು ನಾವು ಕರೆಯುವುದು ಗಿಣಿ ಎಂದು. ಬಾಯಿ ಮುಚ್ಚಿದ್ದೇ ಇಲ್ಲ. ಕಣ್ಣೂ ಅಷ್ಟೇ ಚುರುಕು. ಸಾವಿರಾರು ಹುಳಗಳ ನಡುವೆ ನಾನು ರಾಣಿಹುಳಕ್ಕಾಗಿ ತಡಕಾಡುವಷ್ಟರಲ್ಲಿ ಅವಳು ಬೆರಳು ತೋರಿಸಿರುತ್ತಿದ್ದಳು. ಮುಂದೆ ಜೇನುಪೆಟ್ಟಿಗೆಗಳನ್ನೆಲ್ಲ ಅವಳೇ ನೋಡಿಕೊಳ್ಳುವುದೆಂದು ಅವಳೂ ನಾನೂ ಆಸೆ ಇಟ್ಟುಕೊಂಡಿದ್ದೆವು.

ಅವಳಿಗೆ ಹತ್ತೊಂಬತ್ತಾದಾಗ ಒಂದು ಬೆಳಿಗ್ಗೆ ಮಣಿಕಟ್ಟಿಗೆ ಹುಳ ಕಚ್ಚಿತು. ಚಿಕ್ಕಂದಿನಲ್ಲೊಮ್ಮೆ ಕಚ್ಚಿದಾಗ ಏನೂ ಆಗಿರಲಿಲ್ಲ. ಉಗುರಿನಿಂದ ಮುಳ್ಳು ಕೆರೆದು ಬಿಸಾಕಿ ಕೆಲಸ ಮುಂದುವರಿಸುವುದು ನಮ್ಮ ಕಸುಬಿನ ರೂಢಿ.

"ಸ್ವಲ್ಪ ಉರಿಯುತ್ತೆ ಅಷ್ಟೇ, ಕೆಲಸ ನೋಡು" ಎಂದೆ.

ಐದೇ ನಿಮಿಷ. ಮೈತುಂಬ ದದ್ದು, ತುಟಿ ದಪ್ಪ, ಉಸಿರು ಕೊಯ್ಯ್ ಕೊಯ್ಯ್. ಗಿಣಿಯ ಬಾಯಿಂದ ಮಾತೇ ಹೊರಡಲಿಲ್ಲ. ಅಯ್ಯೋ, ಆ ಮೌನ! ಯಜಮಾನರು ಎದ್ದೆನೋ ಬಿದ್ದೆನೋ ಎಂದು ಗಾಡಿ ಓಡಿಸಿದರು. ಆಸ್ಪತ್ರೆಯಲ್ಲಿ ತೊಡೆಗೆ ಚುಚ್ಚಿದ ಇಂಜೆಕ್ಷನ್ ಮಗಳನ್ನು ಉಳಿಸಿತು.

"ನನಗೆ ಸಾವಿರ ಸಲ ಕಚ್ಚಿದೆ, ಏನಾಯ್ತು?" ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ.

ಆಕೆ ಸಿಟ್ಟಾಗಲಿಲ್ಲ. "ನಿಮ್ಮ ಮೈಗೆ ರೂಢಿಯಾಗಿದೆ. ಇವಳ ಮೈ ಹುಳದ ವಿಷಾನ ಶತ್ರು ಅಂತ ಗುರುತು ಹಾಕ್ಕೊಂಡಿದೆ. ಅದಕ್ಕೇ ಅಂತ ಪ್ರತಿಕಾಯಗಳು ತಯಾರಾಗಿ, ಕೆಲವು ಜೀವಕೋಶಗಳ ಮೇಲೆ ಕಾದು ಕೂತಿದ್ವು. ವಿಷ ಮತ್ತೆ ಬಂದ ತಕ್ಷಣ ಆ ಜೀವಕೋಶಗಳು ತುಂಬಿಟ್ಟಿದ್ದ ಹಿಸ್ಟಮಿನ್ ಅನ್ನೋ ರಾಸಾಯನಿಕ ಎಲ್ಲಾ ಒಟ್ಟಿಗೆ ಸುರಿದುಬಿಟ್ವು. ಊತ, ದದ್ದು, ಉಬ್ಬಸ ಎಲ್ಲಾ ಅದರಿಂದಲೇ."

ಆಮೇಲೆ, "ಕೆಲಸದ ಬಟ್ಟೆ ಎಲ್ಲಿಡ್ತೀರಿ?" ಎಂದರು.

ಹೇಳಿದೆ.

"ಬಟ್ಟೆಗೆ ಅಂಟಿದ ವಿಷದ ಪುಡಿ ದಿನಾ ತಾಗ್ತಿದ್ರೂ ಕೆಲವರ ಮೈ ಹೀಗೆ ಅದನ್ನ ಶತ್ರು ಅಂತ ಗುರುತು ಹಾಕ್ಕೊಳ್ಳುತ್ತೆ. ಅದೇ ಕಾರಣ ಅಂತ ಹೇಳಲಾರೆ. ಆದ್ರೆ ತೊಳೀರಿ."

"ನಾನಿನ್ನು ಪೆಟ್ಟಿಗೆ ಮುಟ್ಟೋ ಹಾಗೇ ಇಲ್ವಾ?" ಎಂದಳು ಗಿಣಿ.

"ಅದೇ ವಿಷಾನ ಚೂರುಚೂರೇ ಕೊಟ್ಟು ಮೈಗೆ ಅಭ್ಯಾಸ ಮಾಡಿಸಬಹುದು. ಮೂರು ವರ್ಷವಾದ್ರೂ ಬೇಕು. ಅಲ್ಲೀತನಕ ಅತ್ತ ಸುಳೀಬೇಡ."

ಮನೆಗೆ ಬಂದವಳೇ ಅಂಗಿ ತೊಳೆದೆ. ಮೂರು ಬಕೆಟ್ ಕಂದು ನೀರು. ತೊಳೆಯುತ್ತಾ ಅತ್ತುಬಿಟ್ಟೆ. ಯಜಮಾನರು ಬಕೆಟ್ಟಿಗೆ ನೀರು ತುಂಬಿಸಿಕೊಟ್ಟರು; ಬೈದಿದ್ದರೆ ಚೆನ್ನಾಗಿತ್ತು. ಮರುದಿನ ತೊಳೆದ ಅಂಗಿ ತೊಟ್ಟು ಹೋದರೆ ಹುಳಗಳು ತಲೆಯೇ ಕೆಡಿಸಿಕೊಳ್ಳಲಿಲ್ಲ. ನನ್ನ ವಾದ ಅಲ್ಲಿಗೆ ಮುಗಿಯಿತು.

ಮೂರು ವರ್ಷ ಗಿಣಿ ಒಂದು ಇಂಜೆಕ್ಷನ್ನನ್ನೂ ತಪ್ಪಿಸಲಿಲ್ಲ. ಕೊನೆಗೆ ಪರೀಕ್ಷೆ: ಆಸ್ಪತ್ರೆಯಲ್ಲೇ, ಡಾಕ್ಟರಮ್ಮನ ಎದುರಿಗೇ, ನಿಜವಾದ ಹುಳದಿಂದ ಕಚ್ಚಿಸುವುದು. ಹುಳ ತರುವ ಕೆಲಸ ನನ್ನದು. ಬೆಂಕಿಪೊಟ್ಟಣದಲ್ಲಿ ತಂದೆ. ಡಾಕ್ಟರಮ್ಮ ಔಷಧಿ ಸಿದ್ಧವಾಗಿಟ್ಟುಕೊಂಡು ಪಕ್ಕದಲ್ಲಿ ನಿಂತರು.

ಕಚ್ಚಿತು. ಐದು ನಿಮಿಷ. ಹತ್ತು. ಒಂದು ಗಂಟೆ. ಮಣಿಕಟ್ಟಿನಲ್ಲಿ ಅಂಗಿಯ ಗುಂಡಿಯಷ್ಟು ಊತ, ಅಷ್ಟೇ. ಗಿಣಿ ಮಾತ್ರ ಅಷ್ಟೂ ಹೊತ್ತು ವಟವಟ ಮಾತಾಡುತ್ತಲೇ ಇದ್ದಳು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

"ನೀನ್ಯಾಕಮ್ಮಾ ಅಳ್ತೀಯ?" ಎಂದಳು. "ಸ್ವಲ್ಪ ಉರಿಯುತ್ತೆ ಅಷ್ಟೇ. ನಡಿ, ಕೆಲಸ ನೋಡೋಣ."

ಚೀಲದಿಂದ ಅವಳ ಅಳತೆಯ ಹೊಸ ಅಂಗಿ ತೆಗೆದುಕೊಟ್ಟೆ. ಹೊಸದಾದರೂ ಎರಡು ಸಲ ತೊಳೆದಿದ್ದೆ.